ಅಪ್ಪನಿಗೆ, ಆಬಿಂಗ್ಡನ್‌ನಿಂದ: ಮುಳ್ಳು ಏಳದ ಕಾರಿನ ವಿಷಯ

ಆಬಿಂಗ್ಡನ್
ಇಂಗ್ಲೆಂಡ್
ಭಾನುವಾರ ಸಂಜೆ

ತೀರ್ಥರೂಪ ಅಪ್ಪನಿಗೂ ಅಮ್ಮನಿಗೂ ನಮಸ್ಕಾರಗಳು.

ನಾನು ಕ್ಷೇಮ. ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ ಒಂದು ತೊಟ್ಟೂ ಸೋರದೆ ಬಂದು ತಲುಪಿತು. ಶೆಡ್ಡಿನಲ್ಲಿ ನಿಂತಿರುವ ಅಂಬಾಸಿಡರನ್ನು ಮತ್ತೆ ರಸ್ತೆಗಿಳಿಸುತ್ತೇನೆ ಎಂದು ತಮ್ಮ ಫೋನಿನಲ್ಲಿ ಹೇಳಿದಾಗಿನಿಂದ ಈ ಪತ್ರ ಬರೆಯಬೇಕೆಂದುಕೊಂಡಿದ್ದೆ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಇದನ್ನು ಅವನು ಕಾರಿನಲ್ಲೇ ಇಟ್ಟುಕೊಳ್ಳಲಿ.

ಪಕ್ಕದ ಮನೆಯ ಅಜ್ಜನ ಬಗ್ಗೆ ಹಿಂದೆ ಬರೆದಿದ್ದೆನಲ್ಲ. ಹರೆಯದಲ್ಲಿ ಇದೇ ಊರಿನ ಎಂಜಿ ಕಾರು ಕಾರ್ಖಾನೆಗೆ ಸೇರಿ, 1980ರಲ್ಲಿ ಅದು ಮುಚ್ಚುವವರೆಗೂ ಅಲ್ಲೇ ದುಡಿದವರು. ಅವರ ಬಳಿ 1966ರ ಎಂಜಿಬಿ ಇದೆ, ಎರಡೇ ಸೀಟಿನ ಹಸಿರು ಕಾರು. ನೋಡಲು ನಮ್ಮ ಕಾರಿಗೂ ಅದಕ್ಕೂ ಯಾವ ಹೋಲಿಕೆಯೂ ಇಲ್ಲ. ಆದರೆ ಬಾನೆಟ್ ಎತ್ತಿದಾಗ ನನಗೆ ಎದೆ ಝಲ್ಲೆಂದಿತು. ನಮ್ಮ 1489 ಸಿಸಿ ಎಂಜಿನ್ನೂ ಅದರ 1798 ಸಿಸಿ ಎಂಜಿನ್ನೂ ಒಂದೇ ಬಿ-ಸೀರೀಸ್ ಮನೆತನದವು. ನಮ್ಮ ಕಾರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ತಯಾರಾಗುತ್ತಿದ್ದ ಕೌಲಿಯೂ ಇಲ್ಲಿಂದ ದೂರವಿಲ್ಲ. ನೀವು ಟಾರ್ಚ್ ಹಿಡಿಸಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ ಅದೇ ಎಂಜಿನ್ ಮುಂದೆ, ಇಷ್ಟು ದೂರ ಬಂದು ಮತ್ತೆ ನಿಂತಿದ್ದೆ.

ಅಜ್ಜನ ಕಾರಿನಲ್ಲಿ ನೀರಿನ ಶಾಖ ತೋರಿಸುವ ಗೇಜಿನ ಮುಳ್ಳು ತಣ್ಣನೆಯ ತುದಿ ಬಿಟ್ಟು ಏಳುತ್ತಲೇ ಇರಲಿಲ್ಲ. ಹತ್ತು ಮೈಲಿ ಓಡಿಸಿ ಬಂದರೂ ಅಷ್ಟೇ. ಮುಳ್ಳು ಕೆಳಗಿದ್ದರೆ ಒಳ್ಳೆಯದೇ ಅಲ್ಲವೇ ಎಂದರು ಅಜ್ಜನ ಮಗಳು. ಅಲ್ಲ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಬಿಸಿಯಾಗಿದೆ ಎಂದು ಗೇಜು ಸುಳ್ಳು ಹೇಳಿದರೆ ಗಾಡಿ ನಿಲ್ಲಿಸಿ ಒಂದು ಗಂಟೆ ಕಾಯುತ್ತೇವೆ, ಅಷ್ಟೇ. ತಣ್ಣಗಿದೆ ಎಂದು ಸುಳ್ಳು ಹೇಳಿದರೆ ಎಂಜಿನ್ನಿಗೂ ಅದರ ಹೆಡ್ಡಿಗೂ ನಡುವಿನ ಹಾಳೆ, ಹೆಡ್ ಗ್ಯಾಸ್ಕೆಟ್, ಸುಟ್ಟ ಮೇಲೆಯೇ ನಮಗೆ ತಿಳಿಯುವುದು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ನೀವು ಗೇಜಿನ ಕಡೆ ನೋಡುತ್ತಲೇ ಇರಲಿಲ್ಲ. ಮೂಗಿನಲ್ಲೇ ತಿಳಿದುಕೊಂಡು, ತಿರುವಿನ ಅಂಚಿಗೆ ನಿಲ್ಲಿಸಿ, ಒದ್ದೆ ಗೋಣಿಚೀಲ ಕೈಗೆತ್ತಿಕೊಳ್ಳುತ್ತಿದ್ದಿರಿ. ತಮ್ಮನಿಗೆ ಆ ಮೂಗು ಇನ್ನೂ ಬಂದಿಲ್ಲ.

ಮೊದಲು ನೋಡಿದ್ದು ರೇಡಿಯೇಟರಿನ ನೀರು. ನೀರು ಇಳಿದು, ನೀರಿನಲ್ಲಿ ಮುಳುಗಿ ಶಾಖ ಅರಿಯಬೇಕಾದ ಗೇಜಿನ ಬಲ್ಬ್ ಬರಿದಾಗಿ ನಿಂತರೆ ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ಏಳದೇ ಇರಬಹುದು. ನೀರು ತುಂಬಿತ್ತು. ಆಮೇಲೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ, ತೆರೆದೇ ನಿಂತು ಎಂಜಿನ್ ನಿಜಕ್ಕೂ ತಣ್ಣಗೇ ಇರಬಹುದೆಂದು ಅಜ್ಜನಿಗೆ ಅನುಮಾನ. ಅದನ್ನು ಬಿಚ್ಚಿ, ನೂಲಿಗೆ ಕಟ್ಟಿ, ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಒಲೆ ಹಚ್ಚಿದೆವು. ಥರ್ಮಾಮೀಟರ್ 82 ಡಿಗ್ರಿ ತೋರಿಸುವ ಹೊತ್ತಿಗೆ ಅದು ಸರಿಯಾಗಿ ಬಾಯಿ ತೆರೆಯಿತು. ಅಲ್ಲಿಗೆ ಉಳಿದದ್ದು ಗೇಜು ಒಂದೇ.

ಈ ಗೇಜಿಗೆ ವಿದ್ಯುತ್ತೇ ಬೇಡ. ಸಿಲಿಂಡರ್ ಹೆಡ್ಡಿನ ಮುಂಭಾಗದಲ್ಲಿ ಕಿರುಬೆರಳಿನಂಥ ಬಲ್ಬ್, ಅದರೊಳಗೆ ಈಥರ್. ಅಲ್ಲಿಂದ ಡ್ಯಾಶ್‌ಬೋರ್ಡಿನವರೆಗೆ ಕೂದಲೆಳೆಯಷ್ಟು ರಂಧ್ರವಿರುವ ಲೋಹದ ಕೊಳವೆ. ಈಥರ್ 35 ಡಿಗ್ರಿಯ ಸುಮಾರಿಗೇ ಕುದಿಯುವ ದ್ರವ. ನೀರು ಬಿಸಿಯಾದಂತೆ ಅದರ ಆವಿಯ ಒತ್ತಡ ಏರಿ, ಗೇಜಿನೊಳಗಿನ ಬಾಗಿದ ಚಪ್ಪಟೆ ನಳಿಗೆಯನ್ನು ನೆಟ್ಟಗಾಗಿಸುತ್ತದೆ. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಕೊಡಿಸುತ್ತಿದ್ದಿರಲ್ಲ, ಊದಿದರೆ ಸುರುಳಿ ಬಿಚ್ಚಿಕೊಳ್ಳುವ ಕಾಗದದ ಪೀಪಿ, ಥೇಟ್ ಅದೇ. ಮುಳ್ಳು ಆ ನಳಿಗೆಯ ತುದಿಗೆ ಜೋಡಿಸಿಕೊಂಡಿರುತ್ತದೆ.

ಬಲ್ಬ್ ಹೊರತೆಗೆಯುವುದರಲ್ಲೇ ಒಂದು ದಿನ ಹೋಯಿತು. ಅದನ್ನು ಹಿಡಿದಿರುವ ನಟ್ಟು ತುಕ್ಕಿಗೆ ಅಂಟಿಕೊಂಡಿತ್ತು. ಬಲ ಹಾಕಿ ತಿರುಗಿಸಿದರೆ ಕೊಳವೆಯೂ ಜೊತೆಗೆ ತಿರುಚಿ ಮುರಿಯುತ್ತದೆ. ರಾತ್ರಿಯಿಡೀ ಎಣ್ಣೆ ಬಿಟ್ಟು, ಬೆಳಿಗ್ಗೆ ಕೊಳವೆಯನ್ನು ಬೆರಳಲ್ಲಿ ಹಿಡಿದು, ಹಿಂದೆ ಮುಂದೆ ಒಂದೊಂದು ಕೂದಲಿನಷ್ಟು ಆಡಿಸುತ್ತ ಬಿಡಿಸಿದೆವು. ಬಲ್ಬನ್ನು ಕುದಿಯುವ ನೀರಿಗೆ ಅದ್ದಿದಾಗ ಮುಳ್ಳು ಮಿಸುಕಲಿಲ್ಲ. ಕೊಳವೆಯ ಉದ್ದಕ್ಕೂ ಬೆರಳಾಡಿಸಿ ನೋಡಿದರೆ, ಎಂಜಿನ್ನಿನ ಹಿಂದಿನ ತಗಡಿನ ಗೋಡೆ ದಾಟುವ ಕಡೆ ರಬ್ಬರಿನ ಬಳೆ ಉದುರಿಹೋಗಿತ್ತು. ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಅಕ್ಕಿಕಾಳಿನಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಈಥರ್ ಎಲ್ಲ ಅಲ್ಲಿಂದಲೇ ಹಾರಿಹೋಗಿತ್ತು.

ಅದೇ ಗೇಜಿನ ಇನ್ನೊಂದು ಅರ್ಧ ಆಯಿಲ್ ಪ್ರೆಷರ್ ತೋರಿಸುತ್ತದೆ, ಅದು ಸರಿಯಾಗಿಯೇ ಇತ್ತು. ಹಾಗಾಗಿ ಹಳೆಯದನ್ನು ಎಸೆಯಲು ಅಜ್ಜನಿಗೆ ಮನಸ್ಸಿಲ್ಲ. ಅಗ್ಗದ ಹೊಸ ಗೇಜೊಂದನ್ನು ತರಿಸಿ, ಅದರ ಬಲ್ಬನ್ನೂ ಕೊಳವೆಯನ್ನೂ ಹಳೆಯದಕ್ಕೆ ಕಸಿ ಮಾಡಿದೆವು. ಕೊಳವೆ ಕತ್ತರಿಸಿದ ಕೂಡಲೇ ಈಥರ್ ಹಾರಬಾರದು, ಅದಕ್ಕೆ ಹೊಸ ಬಲ್ಬನ್ನು ಮಂಜುಗಡ್ಡೆ, ಕಲ್ಲುಪ್ಪು ಬೆರೆಸಿದ ಡಬ್ಬಿಯಲ್ಲಿ ಹೂತಿಟ್ಟೆವು. ಜಾತ್ರೆಯ ಐಸ್‌ಕ್ರೀಮಿನವನು ಪೀಪಾಯಿಗೆ ಉಪ್ಪು ಸುರಿಯುತ್ತಿದ್ದುದು ಏಕೆಂದು ಆ ಡಬ್ಬಿಯ ಹೊರಗೆ ಹಿಮ ಕಟ್ಟಿದ್ದನ್ನು ಕಂಡಾಗ ನನಗೆ ಅರ್ಥವಾಯಿತು. ಈಥರ್ ಭಗ್ಗನೆ ಹತ್ತಿಕೊಳ್ಳುವ ವಸ್ತು, ಆದ್ದರಿಂದ ಕೆಲಸವೆಲ್ಲ ಅಂಗಳದಲ್ಲೇ, ಬೆಂಕಿಯಿಲ್ಲದೆ, ವಿದ್ಯುತ್ತಿನ ಸಾಲ್ಡರಿಂಗ್ ಕಡ್ಡಿಯಿಂದ. ಇಕ್ಕಳದಿಂದ ಕತ್ತರಿಸಿದರೆ ರಂಧ್ರ ಮುಚ್ಚಿಹೋಗುತ್ತದೆ. ಅಜ್ಜ ಅರದಿಂದ ಸುತ್ತಲೂ ಗೀರು ಹಾಕಿ, ಬಳೆ ಮುರಿದಂತೆ ಟಕ್ಕನೆ ಮುರಿದರು. ಎರಡು ತುದಿಗಳ ಮೇಲೆ ಸಣ್ಣ ಹಿತ್ತಾಳೆಯ ನಳಿಗೆ ತೊಡಿಸಿ ಬೆಸುಗೆ ಹಾಕಿದ್ದು ನಾನು. ನನ್ನ ಕೈ ನಡುಗಲಿಲ್ಲ ಅಪ್ಪ.

ಬಲ್ಬನ್ನು ಮಂಜಿನಿಂದ ತೆಗೆದು ಬಿಸಿನೀರಿಗೆ ಇಟ್ಟೆವು. ಮುಳ್ಳು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಮೆಲ್ಲಗೆ ಎದ್ದು, ನಡುವಿನವರೆಗೆ ಬಂದು ನಿಂತಿತು. ಅಜ್ಜ ಮಾತಾಡಲಿಲ್ಲ, ನನ್ನ ಭುಜ ಒತ್ತಿ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು.

ಈಗ ತಮ್ಮನಿಗೆ. ಕಾರು ಶುರು ಮಾಡುವ ಮೊದಲು ಗೇಜಿನ ಹಿಂದೆ ಟಾರ್ಚ್ ಬಿಟ್ಟು ನೋಡು, ಅಲ್ಲಿಗೆ ಬರುವುದು ಕೊಳವೆಯೋ ವೈರೋ. ಕೊಳವೆಯಾದರೆ ಮೇಲೆ ಹೇಳಿದ್ದೆಲ್ಲ ನಿನಗೂ ಅನ್ವಯಿಸುತ್ತದೆ. ವೈರಾದರೆ, ಪೆಟ್ರೋಲಿನ ಮುಳ್ಳೂ ಜೊತೆಗೇ ತಪ್ಪು ತೋರಿಸುತ್ತಿದೆಯೇ ಗಮನಿಸು. ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಎರಡೂ ಗೇಜುಗಳಿಗೆ ಒಂದೇ ವೋಲ್ಟೇಜ್ ಸ್ಟೆಬಿಲೈಸರಿನಿಂದ ಸುಮಾರು 10 ವೋಲ್ಟ್ ಹೋಗುತ್ತದೆ. ಎರಡೂ ಒಟ್ಟಿಗೆ ಕೆಟ್ಟಿದ್ದರೆ ಮೊದಲು ಅದನ್ನೂ ಅದರ ಅರ್ತಿಂಗನ್ನೂ ನೋಡು. ಶಾಖದ ಮುಳ್ಳೊಂದೇ ಕೆಟ್ಟಿದ್ದರೆ ಶಾಖ ಅರಿತು ಗೇಜಿಗೆ ತಿಳಿಸುವ ಎಂಜಿನ್ ಮೇಲಿನ ಸೆಂಡರನ್ನೂ ಅದರ ವೈರನ್ನೂ ನೋಡು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡ, ಅಪ್ಪನ ಮುಂಗೈ ಮೇಲಿನ ಕಲೆ ನೋಡಿದ್ದೀಯಲ್ಲ.

ಅಪ್ಪ, ನೀವು ಅವನ ಪಕ್ಕದಲ್ಲಿ ಕೂತುಕೊಳ್ಳಿ. ಗೇಜಿನ ಹಿಂಭಾಗದ ಫೋಟೋ ತೆಗೆದು ಕಳಿಸಲು ಹೇಳಿ. ಅಜ್ಜನೂ ನೋಡಬೇಕೆಂದು ಕಾಯುತ್ತಿದ್ದಾರೆ.

ನಿಮ್ಮ ಪ್ರೀತಿಯ ಮಗಳು