ಉಪ್ಪಿನ ಲೆಕ್ಕ ಕಲಿಸಿದ ಸಿಸ್ಟರ್‌ಗೆ

ಈ ಸೋಮವಾರಕ್ಕೆ ನನ್ನ ಬಿಪಿ ಪುಸ್ತಕಕ್ಕೆ ಒಂದು ವರ್ಷ ತುಂಬಿತು. ಮೊದಲ ಸಾಲಿನಲ್ಲಿ 178/106 ಅಂತ ಇದೆ, ಕೊನೆಯ ಸಾಲಿನಲ್ಲಿ 128/82. ಇದಕ್ಕೆ ಕಾರಣರಾದವರಿಗೆ ನಾಲ್ಕು ಜನರೆದುರು ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು. ಹೆಸರು ಬರೀಬೇಡಿ ಅಂದಿದ್ದಾರೆ. ಹಾಗಾಗಿ ಬರೀ ಸಿಸ್ಟರ್.

ಮಂಡ್ಯದಲ್ಲಿ ನಂದೊಂದು ಸಣ್ಣ ಮೆಸ್. ಪಿ.ಇ.ಎಸ್. ಕಾಲೇಜಿನ ಹುಡುಗರೇ ಜಾಸ್ತಿ. ಮನೆಯವರೂ ಸೇರಿ ದಿನಾ 30 ಜನ ಉಣ್ಣುತ್ತೇವೆ. ಕಳೆದ ವರ್ಷ ಅತ್ತೆಯ ಶುಗರ್ ತೋರಿಸಲು ನಮ್ಮ ಬಡಾವಣೆಯ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. "ನಿಮಗೂ ಮೂವತ್ತು ದಾಟಿದೆ ಅಲ್ವಾ ಅಮ್ಮಾ, ಕೂತ್ಕೊಳ್ಳಿ" ಅಂದರು ಸಿಸ್ಟರ್. ನನಗಾಗ 52. ನಗುತ್ತಲೇ ಕೂತೆ. ಒಂದು ಸಲ ನೋಡಿದರು, ಸ್ವಲ್ಪ ಬಿಟ್ಟು ಮತ್ತೆ ನೋಡಿದರು, ನೇರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ನನಗೋ ತಲೆನೋವಿಲ್ಲ, ತಲೆಸುತ್ತಿಲ್ಲ. ಇದೆಂಥ ಕಾಯಿಲೆ ಅಂತ ಒಳಗೊಳಗೇ ಅನುಮಾನ.

ಆ ಅನುಮಾನದಿಂದಲೇ ಎಡವಿದೆ. ತಿಂಗಳು ಮಾತ್ರೆ ನುಂಗಿದೆ, ಬಿಪಿ ಇಳಿಯಿತು, ಮಾತ್ರೆ ಬಿಟ್ಟೆ. ಮುಂದಿನ ಸಲ ಹೋದಾಗ ಮತ್ತೆ 170ರ ಮೇಲೆ. ಬೈಸಿಕೊಳ್ಳಲು ರೆಡಿಯಾಗಿ ಕೂತಿದ್ದೆ. ಬೈಯಲಿಲ್ಲ. "ಮಾತ್ರೆ ನುಂಗ್ತಿದ್ದಕ್ಕೇ ಇಳಿದಿದ್ದು ಕಣಮ್ಮಾ" ಅಂದರು, ಅಷ್ಟೇ. ಆಮೇಲೆ ಕೇಳಿದರು: "ಏನೇ ಆದ್ರೂ ದಿನಾ ತಪ್ಪದೆ ಮಾಡೋ ಕೆಲ್ಸ ಯಾವ್ದು ನಿಮ್ದು?" ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು ಅಂದೆ. "ಹಾಗಾದ್ರೆ ಮಾತ್ರೆ ರಂಗೋಲಿ ಡಬ್ಬಿ ಪಕ್ಕದಲ್ಲಿ ಇಡಿ. ಮೊಮ್ಮಗನ ಕೈಗೆ ಸಿಗದ ಹಾಗೆ." ಅವತ್ತಿನಿಂದ ಒಂದು ದಿನವೂ ತಪ್ಪಿಲ್ಲ.

ಉಪ್ಪಿನ ವಿಷಯಕ್ಕೆ ಬರುತ್ತೇನೆ. ಉಪ್ಪು ಕಮ್ಮಿ ಮಾಡಿ ಅಂತ ಯಾರು ಬೇಕಾದರೂ ಹೇಳುತ್ತಾರೆ. ಮೆಸ್‌ನವಳಿಗೆ ಹಾಗೆಂದರೆ ಅಂಗಡಿ ಮುಚ್ಚು ಅಂದ ಹಾಗೆ. ಅದರಲ್ಲೂ ನಮ್ಮ ಕಡೆ ಉಪ್ಪೆಸರಿಗೆ ಹೆಸರಿನಲ್ಲೇ ಉಪ್ಪಿದೆ! ಸಿಸ್ಟರ್ ಬುದ್ಧಿವಾದ ಹೇಳಲಿಲ್ಲ, ಲೆಕ್ಕ ಕೇಳಿದರು. ಒಂದು ಕೆಜಿ ಉಪ್ಪು ಎಷ್ಟು ದಿನ ಬರುತ್ತೆ? ಮೂರು ದಿನ ಅಂದೆ. ಚೀಟಿ ಹಿಂದೆ ಬರೆದು ತೋರಿಸಿದರು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗಿರಬೇಕು, ಅಂದರೆ ಸುಮಾರು ಒಂದು ಟೀ ಚಮಚ. 30 ಜನಕ್ಕೆ 150 ಗ್ರಾಂ. ಆ ಪ್ಯಾಕೆಟ್ ಹೆಚ್ಚುಕಮ್ಮಿ ಒಂದು ವಾರ ಬರಬೇಕು. ನಾವು ತಲೆಗೆ 11 ಗ್ರಾಂ ತಿನ್ನುತ್ತಿದ್ದೆವು. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಬೇರೆ! ಇಪ್ಪತ್ತು ವರ್ಷದಿಂದ ಸಾರಿನ ರುಚಿ ನೋಡಿದ ನಾಲಿಗೆ ನನ್ನದು. ಇಂಥ ಲೆಕ್ಕ ಒಂದು ದಿನವೂ ಹಾಕಿರಲಿಲ್ಲ.

"ಒಟ್ಟಿಗೇ ಇಳಿಸ್ಬೇಡಿ, ಹುಡುಗ್ರು ಓಡ್ಹೋಗ್ತಾರೆ" ಅಂದರು. ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿದೆ. ಹುಣಸೆ, ಬೆಳ್ಳುಳ್ಳಿ, ಕೊತ್ತಂಬರಿ ಒಂದು ಕೈ ಮುಂದೆ. ಟೇಬಲ್ ಮೇಲಿನ ಉಪ್ಪಿನ ಬಟ್ಟಲು ಎತ್ತಿಟ್ಟೆ. ಉಪ್ಪಿನಕಾಯಿ ಭಾನುವಾರ ಮಾತ್ರ. ಒಬ್ಬನೇ ಒಬ್ಬ "ಆಂಟಿ, ಇವತ್ತು ಉಪ್ಪು ಮರ್ತ್ರಾ?" ಅಂದ. ಮರೆತೆ ಕಣಪ್ಪ ಅಂದೆ. ಎರಡು ತಿಂಗಳಲ್ಲಿ ಅವನೂ ಸುಮ್ಮನಾದ. ಈಗ ಪ್ಯಾಕೆಟ್ ಐದು ದಿನ ಬರುತ್ತದೆ. ವಾರಕ್ಕಿನ್ನೂ ಮುಟ್ಟಿಲ್ಲ, ನಿಜ. ಗೊತ್ತಿಲ್ಲದೆಯೇ ಜೊತೆ ಕೊಟ್ಟ ಹುಡುಗರಿಗೂ ಥ್ಯಾಂಕ್ಸ್ ಕಣ್ರೋ.

ನಡುವೆ ಕಾಲು ಊದಿಕೊಂಡಿತು. ಮತ್ತೆ ಮಾತ್ರೆ ಬಿಡುವ ಯೋಚನೆ ಬಂತು. ಈ ಸಲ ಬಿಡದೆ ಸಿಸ್ಟರ್‌ಗೆ ಹೇಳಿದೆ. ಕೆಲವರಿಗೆ ಅಮ್ಲೋಡಿಪಿನ್ ಮಾತ್ರೆಯಿಂದ ಹಾಗಾಗುತ್ತಂತೆ. ಡಾಕ್ಟರ್ ಬೇರೆ ಮಾತ್ರೆಗೆ ಬದಲಾಯಿಸಿದರು. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುತ್ತಿದ್ದ ಗುಳಿಗೆಯನ್ನೂ ಚೀಲದಿಂದ ತೆಗೆಸಿ ನೋಡಿದರು. ಕೆಲವು ನೋವಿನ ಗುಳಿಗೆ ಬಿಪಿ ಏರಿಸುತ್ತವೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಬಿಪಿ ನೋಡಿಕೊಳ್ಳುವುದನ್ನೂ ಅವರೇ ಕಲಿಸಿದರು. ಮಗ ಮೆಷಿನ್ ತಂದುಕೊಟ್ಟಿದ್ದ. ನಾನು ಒಲೆ ಮುಂದಿನಿಂದ ಎದ್ದು ಬಂದು, ಕಾಫಿ ಕುಡಿಯುತ್ತಾ, ಹಾಲಿನವನ ಜೊತೆ ಜಗಳವಾಡುತ್ತಾ ನೋಡಿಕೊಂಡು ಗಾಬರಿಯಾಗುತ್ತಿದ್ದೆ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ಊರಿರಬೇಕು, ಕೈ ಎದೆಯ ಮಟ್ಟಕ್ಕೆ. ಪಟ್ಟಿ ಬರಿ ತೋಳಿಗೆ, ರವಿಕೆ ಮೇಲಲ್ಲ. ಐದು ನಿಮಿಷ ಸುಮ್ನೆ ಕೂರಬೇಕು, ಮಾತಿಲ್ಲ. ನನಗೆ ಕಷ್ಟವಾಗಿದ್ದು ಇದೊಂದೇ. ಸ್ಟೇಡಿಯಂನಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಡೆಯುವುದೂ ಸುಲಭವಾಯಿತು.

ವರ್ಷ ತುಂಬಿತಲ್ಲ ಅಂತ ಸೋಮವಾರ ಒಂದು ಸೀರೆ ತೆಗೆದುಕೊಂಡು ಹೋಗಿದ್ದೆ. ಮುಟ್ಟಲೇ ಇಲ್ಲ. "ಸೀರೆ ಬೇಡಮ್ಮಾ, ಯಜಮಾನ್ರನ್ನ ಕರ್ಕೊಂಡು ಬನ್ನಿ" ಅಂದರು. ಅವರಿಗೆ 58, ಈವರೆಗೆ ಒಂದು ಸಲವೂ ತೋರಿಸಿಲ್ಲ. ನನಗೇನಾಗಿದೆ ಅಂತ ಗೊಣಗುತ್ತಲೇ ನಿನ್ನೆ ಬಂದರು. ಐದು ನಿಮಿಷ ಬಾಯಿ ಮುಚ್ಚಿ ಕೂತಿದ್ದನ್ನು ಮದುವೆಯಾದಾಗಿನಿಂದ ಮೊದಲ ಸಲ ನೋಡಿದೆ. 152/94. ಇನ್ನೊಂದು ದಿನ ಮತ್ತೆ ನೋಡಬೇಕು ಅಂದರು ಸಿಸ್ಟರ್. ಡ್ರಾಯರ್‌ನಿಂದ ಹೊಸ ಪುಸ್ತಕ ತೆಗೆದು, ಬರೆದುಕೊಳ್ಳಿ ಅಂತ ಪೆನ್ನನ್ನು ಅವರ ಕೈಗೇ ಕೊಟ್ಟರು.