ಎಲ್ಕ್ ಬೇಟೆಗೆ ಹೊರಡುವ ಮೊದಲು ಮಾಂಸದ ಲೆಕ್ಕ ಹಾಕಿ

ಸಂಪಾದಕರೇ,

ಅಮೆರಿಕದ ಕೊಲೊರಾಡೊದಲ್ಲಿ ಮೊದಲ ಸಲ ಎಲ್ಕ್ (ಭಾರೀ ಗಾತ್ರದ ಜಿಂಕೆ), ಮ್ಯೂಲ್ ಡೀರ್ (ದೊಡ್ಡ ಕಿವಿಯ ಜಿಂಕೆ) ಬೇಟೆಗೆ ಹೋಗಬೇಕು ಅನ್ನುವ ಇಲ್ಲಿನ ಕನ್ನಡದ ಹುಡುಗರು ಬರೀ ಬಂದೂಕಿನ ಬಗ್ಗೆ ಕೇಳುತ್ತಾರೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಷಿದ್ಧ. ಇಲ್ಲಿ ಅವಕಾಶ ಇದೆ, ಆದರೆ ಸುಮ್ನೆ ಕಾಡಿಗೆ ನುಗ್ಗುವ ಹಾಗಿಲ್ಲ. ಬೇಟೆ ಶರತ್ಕಾಲದಲ್ಲಿ, ಬೇಟೆ ಪರವಾನಗಿ ಹಂಚುವ ಲಾಟರಿಯ ಅರ್ಜಿ ಮಾತ್ರ ಏಪ್ರಿಲ್ ಆರಂಭದಲ್ಲೇ ಮುಗಿಯುತ್ತದೆ. 1949ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಸುರಕ್ಷತಾ ತರಬೇತಿಯ ಪ್ರಮಾಣಪತ್ರ ತೋರಿಸಬೇಕು.

ನನಗೆ ಜಾಸ್ತಿ ಚಿಂತೆ ಮಾಂಸದ್ದು. ಬೆಳೆದ ಗಂಡು ಎಲ್ಕ್ ಸುಮಾರು 300 ಕಿಲೋ ತೂಗುತ್ತದೆ, ರಸ್ತೆಯಿಂದ ಐದು ಮೈಲಿ ಒಳಗೆ ಅದನ್ನು ಹೊಡೆದು ಕೆಡವಿದರೆ ಸೆಪ್ಟೆಂಬರ್ ಬಿಸಿಲಲ್ಲಿ ಚರ್ಮ ಸುಲಿದು, ತುಂಡು ಮಾಡಿ, ನೆರಳಲ್ಲಿ ಆರಲು ಬಿಟ್ಟು, ಬೆನ್ನ ಮೇಲೆ ಹಲವು ಸಲ ಹೊತ್ತು ತರಬೇಕು, ಅದೂ ಗಾಳಿ ತೆಳುವಾದ ಎತ್ತರದಲ್ಲಿ. ತಿನ್ನುವ ಮಾಂಸವನ್ನು ಬಿಟ್ಟು ಬರುವುದು ಇಲ್ಲಿ ಅಪರಾಧ. ಹೊರಲಾಗದಷ್ಟು ದೂರದಲ್ಲಿ ಗುಂಡು ಹಾರಿಸಲೇಬೇಡಿ.

ಇನ್ನೊಂದು, ಜಿಂಕೆಗಳ ಮಿದುಳು ಹಾಳು ಮಾಡುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಕಾಯಿಲೆ ಮೊದಲು ಕಂಡದ್ದು ಇದೇ ರಾಜ್ಯದಲ್ಲಿ, 1967ರಲ್ಲಿ. ತಲೆಯ ಭಾಗವನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವ ತನಕ ಮಾಂಸವನ್ನು ಯಾರಿಗೂ ಹಂಚಬೇಡಿ.

— ಓದುಗ, ಡೆನ್ವರ್