ಬಚ್ಚಲುಮನೆಯ ಕಷ್ಟವನ್ನೂ ಬರೆಯಿರಿ

ಸಂಪಾದಕರೇ,

ಮರೆವಿನ ಕಾಯಿಲೆ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ, ಬಚ್ಚಲುಮನೆಯ ಕಷ್ಟ ಮಾತ್ರ ಯಾರೂ ಬರೆಯುವುದಿಲ್ಲ. ನಮ್ಮಮ್ಮನಿಗೆ ಡಿಮೆನ್ಷಿಯಾ. ಮಡಿ ಮಡಿ ಅಂತ ದಿನಕ್ಕೆರಡು ಸಲ ಸೀರೆ ಬದಲಿಸುತ್ತಿದ್ದವರು ಈಗ ತಲೆ ಮೇಲೆ ಒಂದು ಚೊಂಬು ನೀರು ಬಿದ್ದರೆ ‘ಸಾಯಿಸ್ತಾ ಇದಾಳೆ’ ಅಂತ ಕಿರುಚುತ್ತಾರೆ. ಮೊದಮೊದಲು ನಾನೂ ಗದರಿದ್ದೇನೆ, ಸುಳ್ಳು ಯಾಕೆ ಹೇಳಲಿ? ಅದು ಹಟ ಅಲ್ಲ, ಭಯ ಅಂತ ಅರ್ಥವಾಗಲು ತಿಂಗಳುಗಳೇ ಬೇಕಾದವು.

ಈಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ತೊಡೆ ಮೇಲೆ ಟವೆಲ್ ಹಾಕಿ, ಕೈಗೊಂದು ಖಾಲಿ ಚೊಂಬು ಕೊಟ್ಟು, ಕಾಲಿಂದ ನೀರು ಹುಯ್ಯುತ್ತಾ ಮೇಲಕ್ಕೆ ಬರುತ್ತೇನೆ, ತಲೆ ಕೊನೆಗೆ. ಒಪ್ಪದ ದಿನ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಆಯ್ತು. ಎರಡು ಗಂಟೆಗೊಮ್ಮೆ ಟಾಯ್ಲೆಟ್ಟಿಗೆ ಕರೆದೊಯ್ದರೆ ಸೀರೆ ಒದ್ದೆಯಾಗೋದು ಕಮ್ಮಿ. ಒಮ್ಮೆ ಇದ್ದಕ್ಕಿದ್ದಂತೆ ನನ್ನ ಗುರುತೇ ಸಿಗದಷ್ಟು ಗೊಂದಲವಾಯಿತು. ಕಾಯಿಲೆ ಜಾಸ್ತಿ ಆಯ್ತು ಅಂದುಕೊಂಡೆವು, ನೋಡಿದರೆ ಮೂತ್ರದ ಸೋಂಕು! ಔಷಧಿಗೆ ಇಳಿಯಿತು.

ನಮ್ಮ ಕೋಲಾರದಲ್ಲಿ ನೀರಿನ ಕತೆ ಗೊತ್ತಲ್ವಾ, ಟ್ಯಾಂಕರ್ ಬರದ ದಿನ ಮೂರು ಸೀರೆ ಒಗೆಯೋದು ಹೇಗೆ? ದೊಡ್ಡವರ ಡೈಪರ್ ಕಸದ ಗಾಡಿಗೆ ಕೊಟ್ಟರೆ ಮುಖ ತಿರುಗಿಸುತ್ತಾರೆ.

ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ನಡೆಸುವ ಮಿದುಳು ಆರೋಗ್ಯ ಕಾರ್ಯಕ್ರಮ ನಮ್ಮ ಜಿಲ್ಲೆಗೂ ಬಂದಿದೆ. ಅಲ್ಲಿ ಮಾತ್ರೆ ಚೀಟಿಯ ಜೊತೆಗೆ ಸ್ನಾನ ಮಾಡಿಸೋದು ಹೇಗೆ ಅಂತಲೂ ಮನೆಯವರಿಗೆ ಅರ್ಧ ಗಂಟೆ ತೋರಿಸಿಕೊಡಲಿ. ಗಂಡುಮಕ್ಕಳನ್ನೂ ಕರೆಯಲಿ. ನಮ್ಮಣ್ಣ ಇನ್ನೂ ಬಾಗಿಲಾಚೆಯೇ ನಿಂತಿದ್ದಾನೆ.

– ಒಬ್ಬ ಮಗಳು, ಕೋಲಾರ